ಮಾವನ ಎಣಿಕೆಯಲ್ಲಿ ಭದ್ರಾ ಹೊಳೆ

ಇನ್ನೊಬ್ಬರು ಶುರುಮಾಡಿದ ಮಾತನ್ನು ನಾನೇ ಮುಗಿಸಿಬಿಡುವ ಕೆಟ್ಟ ಚಾಳಿ ನನಗಿದೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಅಂಟಿಸಿಕೊಂಡದ್ದು. ಪ್ರಶ್ನೆ ಕೇಳುವವಳೂ ನಾನೇ, ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಹೇಳುವವಳೂ ನಾನೇ. ವಿನೋಬನಗರದ ನಮ್ಮ ಮನೆಗೆ ಬರುವ ಪ್ಲಂಬರ್ ಕೂಡ ನಲ್ಲಿಗೆ ಏನಾಗಿದೆ ಎಂದು ಈವರೆಗೆ ಪೂರ್ತಿ ಹೇಳಿದ್ದಿಲ್ಲ.

ಹೊಳೆ ಒಂದು ಕಡೆ ಓಡಿ ಇನ್ನೊಂದು ಕಡೆ ತೂಕಡಿಸುವುದು ಯಾಕೆ ಎಂಬುದು ನನ್ನ ಮೆಚ್ಚಿನ ಪಾಠ. ಇಳಿಜಾರು ಹೆಚ್ಚಿದ್ದರೆ ಓಟ ಹೆಚ್ಚು. ಪಾತ್ರ ಕಿರಿದಾದರೆ ನುಗ್ಗುತ್ತದೆ, ಅಗಲವಾದರೆ ಮೈಚಾಚುತ್ತದೆ. ತಳದ ಕಲ್ಲು, ದಡದ ಬೇರು ಹಿಡಿದು ಜಗ್ಗುವುದರಿಂದ ಅಂಚಿನ ನೀರು ನಿಧಾನ, ನಡುಹೊಳೆಯ ನೀರು ಚುರುಕು. ಇಷ್ಟೆಲ್ಲ ಹೇಳಿದರೂ ಶಿವಮೊಗ್ಗದ ಮಕ್ಕಳಿಗೆ ತುಂಗೆಯ ಬಗ್ಗೆ ಬೇಕಾದದ್ದು ಒಂದೇ: ಹೊಳೆ ನಡುವಿನ ಕಲ್ಲಿನ ಮಂಟಪ ಮುಳುಗಿತೋ ಇಲ್ಲವೋ. ಮುಳುಗಿದ ದಿನ ಊರಿಗೆ ಊರೇ ಸೇತುವೆ ಮೇಲೆ ನಿಂತಿರುತ್ತದೆ. ನಾನೂ ನಿಂತಿರುತ್ತೇನೆ, ಆಗ ಪಾಠ ನೆನಪಾಗುವುದಿಲ್ಲ.

ನನ್ನ ಮಾವ, ಅಂದರೆ ಗಂಡನ ಅಪ್ಪ, ಭದ್ರಾವತಿಯವರು. ಕಾರ್ಖಾನೆಯೊಂದಕ್ಕೆ ಭದ್ರಾ ಹೊಳೆಯ ನೀರೆತ್ತುವ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ನೀರಿನ ಮಟ್ಟಕ್ಕೆ ಅಳತೆಪಟ್ಟಿ ಇತ್ತು. ವೇಗಕ್ಕೆ ಮಾತ್ರ ಅವರದ್ದೇ ಲೆಕ್ಕ. ಪಂಪ್‌ಹೌಸಿನಿಂದ ಹೊಳೆಗಿಳಿಯುವ ಮೆಟ್ಟಿಲ ಬಳಿ ತೆಂಗಿನ ಸಿಪ್ಪೆಯ ತುಂಡನ್ನು ತೇಲಿಬಿಟ್ಟು, ಅದು ಕೆಳಗಿನ ಬಂಡೆ ದಾಟುವವರೆಗೆ ಬಾಯಲ್ಲಿ ಎಣಿಸುವುದು. ಬಂಡೆ ಅರ್ಧ ಕಾಣುವಷ್ಟು ನೀರಿದ್ದರೆ ಎಣಿಕೆ ನಲವತ್ತು. ಯಾವ ವರ್ಷವಾದರೂ ಅಷ್ಟೇ.

ಹೋದ ವರ್ಷ ಅವರಿಗೆ ಲಕ್ವ ಹೊಡೆದು ನಮ್ಮ ಮನೆಗೆ ಬಂದರು. ಕೈಕಾಲು ಸುಧಾರಿಸಿತು, ಮಾತು ತಡವರಿಸಿತು. ಒಂದು ಪದಕ್ಕಾಗಿ ಅವರು ಹುಡುಕಾಡುವಾಗ ನಾನು ಹಿಂದೆಮುಂದೆ ನೋಡದೆ ಆ ಪದ ಕೊಟ್ಟುಬಿಡುತ್ತಿದ್ದೆ. ಸಹಾಯವೆಂದೇ ತಿಳಿದಿದ್ದೆ. ಅವರು "ಇವತ್ತು ಸ್ವಲ್ಪ..." ಎಂದರೆ ನಾನು "ಕಾಫಿನಾ ಮಾವ?" ಎಂದು ತಂದಿಡುತ್ತಿದ್ದೆ. ಪಾಪ, ಬೇಡದ ಕಾಫಿಯನ್ನೂ ಕುಡಿಯುತ್ತಿದ್ದರು. ಬರಬರುತ್ತ ಮಾತಾಡುವುದನ್ನೇ ಬಿಟ್ಟು ತಲೆಯಾಡಿಸತೊಡಗಿದರು. ಹೀಗೇ ಬಿಟ್ಟರೆ ಇರುವ ಮಾತೂ ಹೋಗಿಬಿಡುತ್ತದೆ ಎಂದರು ಡಾಕ್ಟರು. ನನಗೆ ನಿಜಕ್ಕೂ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಈ ಬೇಸಿಗೆ ರಜೆಯಲ್ಲಿ ಅವರನ್ನು ಭದ್ರಾವತಿಗೆ ಕರೆದುಕೊಂಡು ಹೋಗಿ ಅದೇ ಮೆಟ್ಟಿಲ ಮೇಲೆ ಕೂರಿಸಿದೆ. ಬಂಡೆ ಸರಿಯಾಗಿ ಅರ್ಧ ಕಾಣುತ್ತಿತ್ತು. ಯಾರೂ ಹೇಳದೆಯೇ ಮಾವ ಪಕ್ಕದಲ್ಲಿ ಬಿದ್ದಿದ್ದ ಸಿಪ್ಪೆ ಹರಿದು ನೀರಿಗೆ ಬಿಟ್ಟು ಎಣಿಸಲು ಶುರುಮಾಡಿದರು. ಒಂದೊಂದು ಅಂಕಿಗೂ ಬಾಯಿ ತಿಣುಕುತ್ತಿತ್ತು. ಸಿಪ್ಪೆ ಬಂಡೆ ದಾಟಿದಾಗ ಅವರಿನ್ನೂ ಇಪ್ಪತ್ತೆರಡರಲ್ಲಿದ್ದರು.

"ನೀರು... ಜೋರಾಗಿದೆ" ಎಂದರು. ಮುಖ ಸಣ್ಣದಾಯಿತು. ಜೋರಾದದ್ದು ನೀರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ತಡೆಯಲಾರದೆ ಪಾಠ ತೆಗೆದೆ.

"ತಳದ ಕಲ್ಲೆಲ್ಲ ಯಾರೋ ಎತ್ತಿರ್ಬೇಕು ಮಾವ. ತಡೆ ಇಲ್ದೆ ಓಡ್ತಿದೆ."

ವಿಜ್ಞಾನವನ್ನು ಸುಳ್ಳು ಹೇಳಲು ಬಳಸಿದ್ದು ಅದೇ ಮೊದಲು. ಮಾವ ಇನ್ನೊಂದು ತುಂಡು ನನ್ನ ಕೈಗಿಟ್ಟು, "ನೀನು... ಎಣಿಸು" ಎಂದರು. ತೇಲಿಬಿಟ್ಟು ಎಣಿಸಿದೆ. ಅದು ಬಂಡೆ ದಾಟುವಷ್ಟರಲ್ಲಿ ನಾನು ಅರವತ್ತೊಂದಕ್ಕೆ ಬಂದಿದ್ದೆ.

ಮಾವ ನನ್ನನ್ನು ನೋಡಿದರು, ಹೊಳೆಯನ್ನು ನೋಡಿದರು, ಏನೋ ಹೇಳಹೊರಟರು. ಮುಂದಿನ ಪದ ಏನೆಂದು ನನಗೆ ತೋಚದಿದ್ದರಿಂದ ಸುಮ್ಮನಿದ್ದೆ. ಅದು ನನ್ನ ದೊಡ್ಡತನವೇನಲ್ಲ.

"ಹೊಳೆ... ಸರಿಯಾಗೇ ಇದೆ ಮಾರಾಯ್ತಿ. ಕೆಟ್ಟಿರೋದು... ನಾವಿಬ್ರೂ... ಎಣಿಸೋ ರೀತಿ."

ಲಕ್ವ ಹೊಡೆದ ಮೇಲೆ ಅವರಾಡಿದ ಅತಿ ಉದ್ದದ ಮಾತು ಅದು. ಹೇಳಿ ಮುಗಿಸಿ ನಕ್ಕರು. ಅಷ್ಟರಲ್ಲಿ ಸಿಪ್ಪೆ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಅವಸರವಿದ್ದದ್ದು ಅದಕ್ಕೆ, ನಾವು ಅಲ್ಲೇ ಕೂತಿದ್ದೆವು.