ಕೆಂಚನ ಕೊರಳಿನ ಕಪ್ಪು ದಾರ

ಗೋವಿಂದರಾಜನಗರದ ಒಂದು ಅಡ್ಡರಸ್ತೆಯಲ್ಲಿ, ಹೊಂಗೆಮರದ ಕೆಳಗೆ, ಅಣ್ಣಮ್ಮನ ಇಸ್ತ್ರಿ ಗಾಡಿ ನಿಲ್ಲುತ್ತದೆ. ಗಂಡ ತೀರಿಕೊಂಡ ಮೇಲೆ ಇದ್ದಿಲಿನ ಪೆಟ್ಟಿಗೆಯನ್ನು ಅವಳೇ ಹಿಡಿದಳು. ಮಕ್ಕಳಿಲ್ಲ. ಬೆಳಿಗ್ಗೆ ಅವಳು ಕೆಂಡ ಊದುವಾಗ ಕಾಲ ಬಳಿ ಬಂದು ಮಲಗುತ್ತಿದ್ದುದು ಕೆಂಚ ಎಂಬ ಬೀದಿನಾಯಿ. ಮರಿಯಾಗಿದ್ದಾಗ ಅದನ್ನು ಚರಂಡಿಯಿಂದ ಎತ್ತಿ ಬದುಕಿಸಿದವಳು ಅವಳೇ. ದೃಷ್ಟಿ ತಾಗದಿರಲಿ ಎಂದು ಪ್ರತಿ ಅಮಾವಾಸ್ಯೆ ಅದರ ಕೊರಳಿಗೆ ಹೊಸ ಕಪ್ಪು ದಾರ ಕಟ್ಟುತ್ತಿದ್ದಳು.

ಎದುರುಮನೆಗೆ ಜ್ಯೋತಿಲಕ್ಷ್ಮಿ ಬಾಡಿಗೆಗೆ ಬಂದ ಮೇಲೆ ಎಲ್ಲ ಕೆಟ್ಟಿತು. ಆಕೆ ಮೊದಲು ಬಿಸ್ಕತ್ತು ಹಾಕಿದಳು. ಆಮೇಲೆ ಶಾಂಪೂ ಹಚ್ಚಿ ಸ್ನಾನ ಮಾಡಿಸಿದಳು. ಕೊನೆಗೆ ಕಪ್ಪು ದಾರ ಕತ್ತರಿಸಿ ಬಿಸಾಡಿ, ಕೆಂಪು ಬೆಲ್ಟ್ ಹಾಕಿ, ಹಗಲೆಲ್ಲ ಗೇಟಿನ ಒಳಗೆ ಕಟ್ಟತೊಡಗಿದಳು.

"ಬ್ರೂನೋ, ಬಾ ಕಂದಾ!"

ಕೆಂಚ ಬಾಲ ಅಲ್ಲಾಡಿಸಿಕೊಂಡು ಓಡುತ್ತಿತ್ತು. ಆ ಹೆಸರಿಗೆ ಅದು ಓಗೊಡುವುದನ್ನು ಕಂಡಾಗಲೆಲ್ಲ ಅಣ್ಣಮ್ಮನ ಹೊಟ್ಟೆಯಲ್ಲಿ ಪೆಟ್ಟಿಗೆಯ ಕೆಂಡವೇ ಹೊತ್ತಿಕೊಳ್ಳುತ್ತಿತ್ತು. ಒಮ್ಮೆ ಹಾಗೆ ನೋಡುತ್ತ ನಿಂತು ಯಾರದೋ ರೇಷ್ಮೆ ಪಂಚೆಯನ್ನು ಸುಟ್ಟೇಬಿಟ್ಟಳು.

"ನಿಮ್ ಕೆಂಚಂಗೆ ಈಗ ಬಂಗ್ಲೆ ಯೋಗ ಬಿಡಿ," ಎಂದು ಬಟ್ಟೆ ಕೊಡಲು ಬಂದ ನಾಣಿ ಸಾರ್ ನಕ್ಕರು. ಅವರು ಅದೇ ಬೀದಿಯ ನಿವೃತ್ತ ಗುಮಾಸ್ತರು.

"ಯೋಗ ಏನ್ ಬಂತು ಸ್ವಾಮಿ, ಬಿಸ್ಕತ್ತಿಗೆ ಮಾರ್ಕೊಂಡಿದೆ ನನ್ಮಗಂದು."

ಒಂದು ಮಧ್ಯಾಹ್ನ ಜ್ಯೋತಿಲಕ್ಷ್ಮಿ ಮಲಗಿದ್ದಾಗ ಅಣ್ಣಮ್ಮ ಮೆಲ್ಲನೆ ಗೇಟು ತೆಗೆದಳು. ಬೆಲ್ಟ್ ಬಿಚ್ಚಿ ಅಲ್ಲೇ ಮೆಟ್ಟಿಲ ಮೇಲಿಟ್ಟು, ತನ್ನ ಕಪ್ಪು ದಾರ ಕಟ್ಟಿ, ನಾಯಿಯನ್ನು ಗಾಡಿಯ ಹತ್ತಿರ ಕರೆತಂದಳು. ಬಿಸ್ಕತ್ತನ್ನು ಮರೆಸಬೇಕೆಂದು ಕೋಳಿ ಅಂಗಡಿಯಿಂದ ಕಾಲುಗಳನ್ನು ತಂದಿಟ್ಟಿದ್ದಳು. ಗಾಡಿಯ ಕೆಳಗೆ ಕೆಂಚ ಅವನ್ನು ಕಡಿಯುತ್ತಿದ್ದರೆ ಅವಳಿಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಯಿತು.

ಅಷ್ಟರಲ್ಲಿ ನಾಣಿ ಸಾರ್ ಬಂದರು. ಕೈಯಿಂದ ಜಾರಿದ ಅಂಗಿಯನ್ನು ಎತ್ತಿಕೊಳ್ಳಲು ಗಾಡಿಯ ಕೆಳಗೆ ಬಗ್ಗಿದರು. ತನ್ನ ಊಟ ಕಸಿಯಲು ಬಂದರೆಂದು ಕೆಂಚ ಅವರ ಮುಂಗೈಗೆ ಬಾಯಿ ಹಾಕಿತು. ಹಲ್ಲು ಆಳವಾಗಿ ಇಳಿದಿತ್ತು. ಅಣ್ಣಮ್ಮ ನಲ್ಲಿಯ ಕೆಳಗೆ ಕೈ ಹಿಡಿಸಿ ಸೋಪು ಹಚ್ಚಿ ತೊಳೆದಳು. ಅವರ ಮಗಳು ಕೀರ್ತನಾ ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿ, ಅಲ್ಲಿಂದ ನೇರವಾಗಿ ಠಾಣೆಗೆ ಹೋದಳು.

ಸಂಜೆ ಪೇದೆ ಬಂದ. "ಯಾರ್ ನಾಯಿ ಇದು? ಸಾಕಿರೋರ ಮೇಲೆ ಕೇಸಾಗುತ್ತೆ. ಯಾರದ್ದೂ ಅಲ್ಲ ಅಂದ್ರೆ ಹೇಳಿ, ಪಾಲಿಕೆ ಗಾಡಿ ಬಂದು ಹಿಡ್ಕೊಂಡ್ ಹೋಗುತ್ತೆ."

ಜ್ಯೋತಿಲಕ್ಷ್ಮಿ ಗೇಟು ಹಿಡಿದುಕೊಂಡೇ ಹೇಳಿದಳು, "ನಮ್ದಲ್ಲ ಸಾರ್. ಬೀದಿ ನಾಯಿ. ಪಾಪ ಅಂತ ಬಿಸ್ಕೆಟ್ ಹಾಕ್ತಿದ್ದೆ ಅಷ್ಟೇ. ನೋಡಿ, ಬೆಲ್ಟೂ ಇಲ್ಲ."

ಬೆಳಿಗ್ಗೆ ತಾನೇ ಅದನ್ನು ಕಂದ ಎಂದವಳು! ಅಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಂದು ಸಾರ್."

"ಯೋಚ್ನೆ ಮಾಡಿ ಹೇಳಿ ಅಣ್ಣಮ್ಮ," ಎಂದರು ನಾಣಿ ಸಾರ್, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು. "ಕೋರ್ಟು ಗೀರ್ಟು ಅಂತ ನಿಮಗ್ಯಾಕೆ?"

"ಅಲ್ಲಿಂದ ಬಿಚ್ಚಿದ್ದೂ ನಾನೇ, ಇಲ್ಲಿ ಕಟ್ದೆ ಬಿಟ್ಟಿದ್ದೂ ನಾನೇ ಸ್ವಾಮಿ. ದಾರ ನೋಡಿ, ನಂದೇ." ಮಾತು ಅವರಿಗೆ, ಕಣ್ಣು ಮಾತ್ರ ಜ್ಯೋತಿಲಕ್ಷ್ಮಿಯ ಮೇಲೆ.

ಕೋರ್ಟಿನಲ್ಲಿ ನ್ಯಾಯಾಧೀಶರು, "ನಾಯಿಯ ಮಾಲೀಕರು ನೀವೇನಾ?" ಎಂದು ಕೇಳಿದರು. ಅಣ್ಣಮ್ಮ "ಹೌದು" ಎಂದದ್ದು ಹೊರಗಿನ ವರಾಂಡದವರೆಗೂ ಕೇಳಿಸಿತು. ಹೇಳಿ ಹಿಂದೆ ತಿರುಗಿ ನೋಡಿದಳು. ಜ್ಯೋತಿಲಕ್ಷ್ಮಿ ಬಂದಿರಲಿಲ್ಲ. ಅದೊಂದೇ ಅವಳಿಗೆ ಬೇಸರ. ದಂಡ ಕಟ್ಟಿದಳು. ನಾಣಿ ಸಾರ್ ಅವರ ಆಸ್ಪತ್ರೆಯ ಖರ್ಚನ್ನೂ ಕೊಟ್ಟಳು. ಕೆಂಚನಿಗೆ ಚುಚ್ಚುಮದ್ದು ಹಾಕಿಸಿ, ಪಾಲಿಕೆಯಲ್ಲಿ ತನ್ನ ಹೆಸರಿಗೆ ಪರವಾನಗಿ ಮಾಡಿಸಿದಳು.

ಈಗ ಕೆಂಚ ಗಾಡಿಯ ಚಕ್ರಕ್ಕೆ ಕಟ್ಟಿದ ಸರಪಳಿಯಲ್ಲಿ ಇರುತ್ತದೆ. ಆದರೆ ಎದುರು ಗೇಟು ಕಿರ್ ಎಂದರೆ ಸಾಕು, ಕಿವಿ ನಿಮಿರಿಸಿ, ಸರಪಳಿ ಬಿಗಿಯುವಂತೆ ಆ ಕಡೆಗೇ ಜಗ್ಗುತ್ತದೆ. ಅಣ್ಣಮ್ಮ ಕೆಲವು ದಿನ ಸಹಿಸಿದಳು. ಆಮೇಲೆ ಒಂದು ಬೆಳಿಗ್ಗೆ ಗಾಡಿಯನ್ನು ಹೊಂಗೆಮರದ ನೆರಳಿನಿಂದ ತಳ್ಳಿಕೊಂಡು ತಿರುವಿನ ಆಚೆಗೆ, ಆ ಗೇಟು ಕಾಣದ ಬಿಸಿಲಲ್ಲಿ ನಿಲ್ಲಿಸಿದಳು.