ಹುಲಿಮುಖಕ್ಕೆ ಹೋದ ಮೀಸೆ

ಆ ಕಂಡಕ್ಟರನ ಮೀಸೆಗೆ ಬಸ್ಸಿನ ಬ್ರೇಕಿಗಿಂತ ಹೆಚ್ಚು ಬಲವಿತ್ತು. ಅದರ ತುದಿ ಒಮ್ಮೆ ಕುಣಿದರೆ ಸಾಕು, ಬಾಗಿಲಲ್ಲಿ ಜೋತಾಡುವವರೆಲ್ಲ ಬಾಲ ಮುದುರಿಕೊಂಡು ಒಳಗೆ ಸರಿಯುತ್ತಿದ್ದರು. ಮನೆಯಲ್ಲಿ ಮಾತ್ರ ಅದಕ್ಕೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ.

ಅವನ ವಾರದ ರಜೆಯ ದಿನ, ನರ್ಸ್ ಆಗಿದ್ದ ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಏಳು ವರ್ಷದ ಮಗಳಿಗೆ ಶಾಲೆಯ ನಾಟಕಕ್ಕೆ ಹುಲಿಯ ಮುಖವಾಡ ಬೇಕಿತ್ತು. ಅವನು ಮೈದಾ ಅಂಟು ಕುದಿಸಿ, ಹಳೇ ಪೇಪರನ್ನು ಪಟ್ಟಿ ಪಟ್ಟಿಯಾಗಿ ಹರಿದು, ಮುಖವಾಡದ ಅಚ್ಚಿಗೆಂದು ಬಲೂನ್ ಊದಿ ಇಟ್ಟದ್ದೇ ತಡ, ನಾಲ್ಕು ವರ್ಷದ ಮಗ ಹೋಗಿ ಅದರ ಮೇಲೆ ಕೂತ. ಢಂ! ಇದ್ದದ್ದು ಅದೊಂದೇ ಬಲೂನ್.

“ಪರವಾಗಿಲ್ಲಪ್ಪ, ನಿನ್ ಮುಖಾನೂ ದುಂಡಗೇ ಇದೆ,” ಎಂದಳು ಮಗಳು.

ಕಂಡಕ್ಟರ್ ಚಾಪೆಯ ಮೇಲೆ ಅಂಗಾತ ಮಲಗಿದ. ಮಗಳು ಅವನ ಹಣೆಗೆ, ಕೆನ್ನೆಗೆ ಎಣ್ಣೆ ಸವರಿದಳು. ಕಣ್ಣು, ಮೂಗಿನ ಹೊಳ್ಳೆ ಬಿಟ್ಟು ಪದರದ ಮೇಲೆ ಪದರ ಪೇಪರ್ ಅಂಟಿಸಿದಳು. ಫ್ಯಾನಿನ ಗಾಳಿ ತಂಪಾಗಿತ್ತು. ಒಣಗುವಷ್ಟರಲ್ಲಿ ಅವನಿಗೆ ಗಾಢ ನಿದ್ದೆ.

ಎಚ್ಚರವಾದ ಮೇಲೆ ಮುಖವಾಡ ಎಳೆದರೆ ಹಣೆ ಬಿಟ್ಟಿತು, ಕೆನ್ನೆ ಬಿಟ್ಟಿತು. ಮೀಸೆಯ ಹತ್ತಿರ ಪ್ರಾಣ ಹೋದಂತಾಯಿತು.

“ಮೀಸೆಗೆ ಎಣ್ಣೆ ಹಚ್ಲಿಲ್ವೇನೇ?” ಪೇಪರಿನೊಳಗಿಂದ ಗೊಗ್ಗರು ದನಿ ಬಂತು.

“ಅದು ಆಗ್ಲೇ ಹೊಳೀತಿತ್ತಲ್ಲಪ್ಪ!”

ಸಂಜೆ ಹೆಂಡತಿ ಬಂದು ಬಿಸಿನೀರಿನ ಬಟ್ಟೆ ಒತ್ತಿ ನೋಡಿದಳು. ಜಗ್ಗಲಿಲ್ಲ. ಕೊನೆಗೆ ಕತ್ತರಿ ಹಿಡಿದಳು.

“ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋರನ್ನ ನೋಡಿದ್ದೆ. ನೀವು ಮಲಗಿದ್ದಲ್ಲೇ ಮೈದಾ ಮಾಡ್ಕೊಂಡ್ರಲ್ರೀ!”

ಎಡಗಡೆಯದು ಪೂರ್ತಿ ಮುಖವಾಡದ ಪಾಲಾಯಿತು. ಬಲಗಡೆಯದನ್ನು ಅವನೇ ಬೋಳಿಸಿಕೊಂಡು ಬಂದ. ಅಷ್ಟು ಹೊತ್ತೂ ಹುಲಿಗೆ ಹೆದರದ ಮಗ, ಆ ಬೋಳು ಮುಖ ಕಂಡದ್ದೇ ಅಮ್ಮನ ಹಿಂದೆ ಅವಿತುಕೊಂಡ.

“ಅಮ್ಮಾ, ಯಾರೋ ಮಾಮ ಬಂದಿದಾರೆ!”

ಮರುದಿನ ಬಸ್ಸಿನಲ್ಲಿ, ದಿನಾ ಬರುವ ತರಕಾರಿ ಅಜ್ಜಿ ಟಿಕೆಟ್ ತಗೊಳ್ಳುತ್ತಾ ಕೇಳಿದಳು: “ಹಳೇ ಕಂಡಕ್ಟರ್ ರಜಾನೇನಪ್ಪ?”

“ಹೂಂ ಅಜ್ಜಿ, ರಜಾ.”

“ಒಳ್ಳೇದಾಯ್ತು ಬಿಡು. ಬುಟ್ಟಿ ಕಂಡ್ರೆ ಸಾಕು, ಮೈಮೇಲೇ ಬೀಳ್ತಿದ್ದ ಮಹಾನುಭಾವ! ನೀನೇ ಬಾ ನಾಳೆನೂ.”

ನಗಬೇಕೋ ಅಳಬೇಕೋ ತಿಳಿಯದೆ ಅವನು ಬರಿದಾದ ತುಟಿಯ ಮೇಲೆ ಬೆರಳಾಡಿಸಿದ. ಆಮೇಲೆ ಬಗ್ಗಿ ಅವಳ ಬುಟ್ಟಿಯನ್ನು ಸೀಟಿನ ಕೆಳಗೆ ಸರಿಯಾಗಿ ತಳ್ಳಿಕೊಟ್ಟ.