ತಂಗಡಿ ಗಿಡದ ಬುಡದಲ್ಲಿ ಕಂಡ ಗಂಟು

ದೆವ್ವ, ಗಾಳಿ ಎಂದು ಯಾರಾದರೂ ಶುರುಮಾಡಿದರೆ "ಸುಮ್ನಿರ್ರೀ, ಮಾಡಕ್ಕೆ ಕೆಲಸ ಇಲ್ವಾ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಬಾಯಿ ಮುಚ್ಚಿಸುವುದನ್ನಂತೂ ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಶಿವನಿ ಹತ್ತಿರದ ಹಳ್ಳಿಗೆ ಬಂದು ನಾಲ್ಕು ವರ್ಷವಾಗಿತ್ತು. ನನ್ನ ಅತ್ತೆಗೆ ತಂಗಡಿ ಹೂವಿನ ಪಲ್ಯವೆಂದರೆ ಪ್ರಾಣ. ರೈಲು ಹಳಿಯಾಚೆಯ ಗುಡ್ಡದಲ್ಲಿ ಆ ಹಳದಿ ಹೂ ಬೇಕಾದಷ್ಟಿತ್ತು. ಆದರೂ ಒಂದು ಗಿಡದಲ್ಲಿ ಅರ್ಧಕ್ಕಿಂತ ಹೆಚ್ಚು ಕೀಳಲು ಬಿಡುತ್ತಿರಲಿಲ್ಲ. ಮೊಗ್ಗು ಮುಟ್ಟಿದರೆ ಕೈಗೇ ಏಟು. "ಜೇನಿಗೂ ಹೊಟ್ಟೆ ಐತೆ ಕಣೇ" ಎನ್ನುತ್ತಿದ್ದರು. ಹೂ ಕಿತ್ತ ಮೇಲೆ ಗಿಡದ ಬುಡದ ಹುಲ್ಲಿಗೆ ಗಂಟು ಹಾಕುತ್ತಿದ್ದರು. ಗಂಟು ಕಂಡರೆ ಹಿಂದೆ ಬಂದವರು ಆ ಗಿಡ ಮುಟ್ಟುವಂತಿಲ್ಲ. ಎರಡು ಕುಣಿಕೆಯ ಆ ಗಂಟು ಎಷ್ಟು ಒದ್ದಾಡಿದರೂ ನನಗೆ ಬರಲಿಲ್ಲ. ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಆ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಎರಡು ತಿಂಗಳಿಂದ ಹಾಸಿಗೆ. ಬಲಗೈ ಎತ್ತಲಾಗದು, ಅನ್ನ ಸೇರದು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಒಂದು ಬೆಳಿಗ್ಗೆ ತೊದಲುತ್ತಾ, "ತಂಗಡಿ ಹೂವಿನ ಪಲ್ಯ ತಿನ್ನಂಗಾಗೈತೆ ಕಣೇ" ಎಂದರು. ಬಾಯಿಬಿಟ್ಟು ಏನಾದರೂ ಕೇಳಿದರಲ್ಲ ಎಂದು ನನಗೆ ಅಳುವೇ ಬಂತು. ಸೆರಗನ್ನು ಮಡಿಲಾಗಿ ಕಟ್ಟಿಕೊಂಡು ಗುಡ್ಡಕ್ಕೆ ಓಡಿದೆ.

ಮೊದಲ ಗಿಡದಲ್ಲಿ ಅರ್ಧ ಹೂವಿರಲಿಲ್ಲ. ಬುಡ ನೋಡಿದೆ, ಗಂಟು. ಎರಡು ಕುಣಿಕೆ. ಹುಲ್ಲು ಹಸಿರಾಗಿಯೇ ಇತ್ತು, ಬಾಡಿರಲಿಲ್ಲ. ಪಕ್ಕದ ಗಿಡಕ್ಕೂ ಗಂಟು, ಅದರಾಚೆಯದಕ್ಕೂ. ಚುರುಗುಟ್ಟುವ ಬಿಸಿಲಲ್ಲಿ ಗುಡ್ಡವಿಡೀ ಸುತ್ತಿದೆ; ಗಂಟಿಲ್ಲದ ಒಂದೇ ಒಂದು ಗಿಡ ಸಿಗಲಿಲ್ಲ. ಉಳಿದ ಹೂವನ್ನಾದರೂ ಕೀಳೋಣವೆಂದು ಮೂರು ಬಾರಿ ಕೈಚಾಚಿದೆ. ಆಗಲಿಲ್ಲ, ಏನು ಮಾಡಲಿ!

ಬರಿಗೈಯಲ್ಲಿ ಬಂದು ಅತ್ತೆಯ ಪಕ್ಕ ಕುಳಿತು ಅತ್ತುಬಿಟ್ಟೆ. "ಎಲ್ಲಾ ಗಿಡಕ್ಕೂ ಗಂಟು ಹಾಕ್ಬಿಟ್ಟವ್ರೆ ಅತ್ತೆ" ಎಂದೆ.

ಅವರು ಎಡಗೈಯಿಂದ ನನ್ನ ತಲೆ ಸವರಿದರು. "ಹಂಗಾರೆ ಬಿಡು. ನನ್ನಂಗೇ ಯಾರಿಗೋ ಆಸೆಯಾಗೈತೆ. ತಿನ್ಲಿ ಪಾಪ."

ಅದು ನಿಮ್ಮದೇ ಗಂಟು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಆಮೇಲೆ ಊರ ಹೆಂಗಸರನ್ನೆಲ್ಲ ಕೇಳಿದೆ. ಯಾರೂ ಆ ಕಡೆ ಹೋಗಿರಲಿಲ್ಲ. ಯಾರು ಕಿತ್ತರು, ಯಾರು ಕಟ್ಟಿದರು, ಇವತ್ತಿಗೂ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಒಂದು ಹಿಡಿ ತಂದಿದ್ದರೆ ಎರಡು ತುತ್ತು ಉಣ್ಣುತ್ತಿದ್ದರು. ಎಲ್ಲಿ ಕಿತ್ತೆ ಎಂದು ಕೇಳಿದ್ದರೆ ಸುಳ್ಳು ಹೇಳಿಬಿಡಬಹುದಿತ್ತು.